ಬೋನ್‌ಫಿಶ್ ಕಚ್ಚಿಯೂ ತಪ್ಪುತ್ತಿದೆಯಾ? ಕೋಡಿ ಬೆಂಗ್ರೆಯಲ್ಲಿ ಕಲಿತು ಹವಳದ ಲಗೂನಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯಿಂದ ಫ್ಲೈ ರಾಡ್ ಹಿಡಿದು ಮಾಲ್ಡೀವ್ಸ್‌ಗೋ ಸೇಶೆಲ್ಸ್‌ಗೋ ಹೋಗಿ ಬಂದವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಮೀನು ಕಂಡಿತು. ಫ್ಲೈ (ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ಹುಸಿ ಸಿಗಡಿ, ಏಡಿ) ಹಿಂದೆ ಬಂತು. ಕಚ್ಚಿತು ಕೂಡ. ಆಮೇಲೆ ಲೈನ್ ಸಡಿಲ. ಇನ್ನು ಕೆಲವರಿಗೆ ಅಷ್ಟೂ ಆಗಿರುವುದಿಲ್ಲ. ಗೈಡ್ ಕೈ ತೋರಿಸುತ್ತಲೇ ಇದ್ದ, ಇವರಿಗೆ ನೀರು ಬಿಟ್ಟು ಬೇರೇನೂ ಕಾಣಲಿಲ್ಲ.

ಹೆಚ್ಚಿನವರು ಮೊದಲು ಟಿಕೆಟ್ ಮಾಡುತ್ತಾರೆ, ಆಮೇಲೆ ರಾಡ್ ಕೊಳ್ಳುತ್ತಾರೆ. ಎಸೆಯಲು ಕಲಿಯುವುದು ಮೀನಿನ ಎದುರಿಗೇ. ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಗಾಳಿಯಲ್ಲಿ ಎಸೆಯುವುದು, ನೀರಿನೊಳಗಿನ ನೆರಳು ಗುರುತಿಸುವುದು, ರಾಡ್ ಎತ್ತದೆ ಕೈಯಿಂದ ಲೈನ್ ಎಳೆದು ಗಾಳ ನಾಟಿಸುವುದು: ಈ ಮೂರನ್ನೂ ಉಡುಪಿ ಬಳಿಯ ಕೋಡಿ ಬೆಂಗ್ರೆಯಂಥ ನಮ್ಮ ಅಳಿವೆಯ ಮರಳಿನಲ್ಲೇ ಕಲಿಯಬಹುದು. ಬೋನ್‌ಫಿಶ್ ಇಲ್ಲಿ ಸಿಗುತ್ತದೆ ಎಂದು ಹುಡುಕಬೇಡಿ. ಅದು ತಿಳಿಯಾದ ಕಡಲನೀರಿನ ಮೀನು. ಹವಳದ ಬಿಳಿ ಮರಳು, ಮೊಣಕಾಲುದ್ದದ ನೀರು, ದೂರದವರೆಗೂ ಸಮತಟ್ಟಾದ ತಳ ಇರುವ ಕಡೆ ಮೇಯುತ್ತದೆ. ಅಂಥ ಜಾಗಕ್ಕೇ ಫ್ಲ್ಯಾಟ್ ಅನ್ನುವುದು.

## ಹಂತ 1: ಕಾಲ ಮತ್ತು ನೀರು ನೋಡಿ ದಿನ ಗೊತ್ತು ಮಾಡಿ

ಮಾಲ್ಡೀವ್ಸ್‌ನಲ್ಲಿ ಈಶಾನ್ಯ ಗಾಳಿಯ ಒಣ ಕಾಲ ಅನುಕೂಲ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಅಂತಿಟ್ಟುಕೊಳ್ಳಿ. ಸೇಶೆಲ್ಸ್‌ನಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯ ಗಾಳಿ ಜೋರು, ಹಾಗಾಗಿ ಅಕ್ಟೋಬರ್‌ನಿಂದ ಏಪ್ರಿಲ್ ಒಳ್ಳೆಯದು. ಅಮೆರಿಕದಲ್ಲಿ ನೆಂಟರಿದ್ದು ಬಹಾಮಾಸ್ ಕಡೆ ಹೋಗುವವರಿಗೆ ಮಾರ್ಚ್‌ನಿಂದ ಮೇವರೆಗೆ ಸರಿ. ಅಲ್ಲಿ ಚಳಿಗಾಲದ ಶೀತಗಾಳಿ ಬಂದರೆ ನೀರು ತಣ್ಣಗಾಗಿ ಮೀನು ಆಳಕ್ಕೆ ಇಳಿಯುತ್ತದೆ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ.

ನಮಗೆ ಇದು ಚೆನ್ನಾಗಿ ಹೊಂದುತ್ತದೆ. ದೀಪಾವಳಿ ಮುಗಿದ ಮೇಲೆ ಇಲ್ಲಿ ಅಭ್ಯಾಸ ಶುರು ಮಾಡಿ. ಶಿವರಾತ್ರಿ, ಯುಗಾದಿ ಹೊತ್ತಿಗೆ ಪ್ರಯಾಣ.

ತಿಂಗಳು ಗೊತ್ತಾದ ಮೇಲೆ ಉಬ್ಬರ ಇಳಿತ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಜಾಸ್ತಿ, ಅಷ್ಟಮಿ ಹೊತ್ತಿಗೆ ಕಡಿಮೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬೋನ್‌ಫಿಶ್ ಏರುವ ನೀರಿನ ಜೊತೆ ಫ್ಲ್ಯಾಟ್ ಮೇಲಕ್ಕೆ ಬಂದು ಏಡಿ, ಸಿಗಡಿ, ಹುಳ ತಿನ್ನುತ್ತದೆ, ಇಳಿಯುವಾಗ ಅಂಚಿನ ಕಾಲುವೆಗಳಿಗೆ ಜಾರುತ್ತದೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರ ಒಳಗೆ ನೀರು ಏರುವ ದಿನಗಳನ್ನು ಆರಿಸಿ. ಬಿಸಿಲು ಮೇಲಿದ್ದಾಗಲೇ ಮೀನು ಕಾಣುವುದು. ಬಹಳ ಜನ ರಜೆ ನೋಡಿ ದಿನ ಹಿಡಿಯುತ್ತಾರೆ. ಅಲ್ಲಿ ಹೋದರೆ ಒಳ್ಳೆಯ ನೀರು ಮುಂಜಾನೆ ಕತ್ತಲಲ್ಲೇ ಬಂದು ಹೋಗಿರುತ್ತದೆ.

ಯಾವ ದ್ವೀಪದಲ್ಲಿ ಗಾಳ ಹಾಕಲು ಒಪ್ಪಿಗೆ ಇದೆ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹತ್ತಿರ ಅಂತ ಲಕ್ಷದ್ವೀಪ ಯೋಚಿಸುವವರು ಪ್ರವೇಶ ಪರವಾನಗಿ ಇಲ್ಲದೆ ಹೊರಡುವಂತಿಲ್ಲ.

## ಹಂತ 2: ಸಾಮಾನು

ರಾಡ್: 9 ಅಡಿ, 8 ನಂಬರ್ (ನಂಬರ್ ಹೆಚ್ಚಿದಷ್ಟೂ ಭಾರದ ಲೈನ್ ಎಸೆಯುವ ರಾಡ್). ಮೊದಲ ರಾಡ್ ಇದೇ ಆಗಲಿ. 6 ನಂಬರ್ ಗಾಳಿಯಲ್ಲಿ ಸೋಲುತ್ತದೆ, 10 ನಂಬರ್ ಕೈ ನೋಯಿಸುತ್ತದೆ.

ರೀಲ್: ಡ್ರ್ಯಾಗ್, ಅಂದರೆ ಓಡುವ ಲೈನ್ ತಡೆಯುವ ಬ್ರೇಕ್, ಅದರ ಒಳಗೆ ಉಪ್ಪುನೀರು ಹೋಗದಂತೆ ಮುಚ್ಚಿರಬೇಕು. 20 ಪೌಂಡ್‌ನ ಬ್ಯಾಕಿಂಗ್ ದಾರ (ಲೈನ್ ಮುಗಿದ ಮೇಲೆ ಓಡುವ ಹೆಚ್ಚುವರಿ ದಾರ) 180 ಮೀಟರ್ ಹಿಡಿಯಬೇಕು. ದುಡ್ಡು ಎಲ್ಲಿ ಹಾಕಬೇಕು ಎಂದು ಕೇಳಿದರೆ ರಾಡ್‌ಗಿಂತ ರೀಲ್‌ಗೆ, ರೀಲ್‌ಗಿಂತ ಲೈನ್‌ಗೆ ಅನ್ನುತ್ತೇನೆ.

ಲೈನ್: ತೇಲುವ ಲೈನ್, ಮುಂಭಾಗ ದಪ್ಪ ಇರುವಂಥದ್ದು, ಬಿಸಿ ಪ್ರದೇಶಕ್ಕೆಂದೇ ಮಾಡಿದ್ದು. ಚಳಿ ದೇಶದ ಟ್ರೌಟ್ ಲೈನ್ ನಮ್ಮ ಬಿಸಿಲಿಗೆ ಮೆತ್ತಗಾಗಿ ರಾಡ್‌ನ ಉಂಗುರಗಳಿಗೆ ಅಂಟುತ್ತದೆ. ಎಸೆತ ಮುಂದೆ ಹೋಗುತ್ತಿಲ್ಲ ಅನ್ನುವವರ ಲೈನ್ ನೋಡಿ, ಬಹಳ ಸಲ ತೊಂದರೆ ಅಲ್ಲೇ ಇರುತ್ತದೆ.

ಲೀಡರ್ (ಲೈನ್ ತುದಿಗೂ ಫ್ಲೈಗೂ ನಡುವಿನ ಪಾರದರ್ಶಕ ದಾರ): ಗಾಳಿ ಇದ್ದರೆ 9 ಅಡಿ, ನೀರು ಅಲುಗದ ದಿನ 12 ಅಡಿ. ಫ್ಲೈ ಕಟ್ಟುವ ತುದಿಯ ತೆಳು ಭಾಗ, ಅಂದರೆ ಟಿಪ್ಪೆಟ್, 12 ಪೌಂಡ್ ತಾಳುವಂಥದ್ದು, ಹವಳ ಜಾಸ್ತಿ ಇದ್ದರೆ 16.

ಫ್ಲೈ: ಕ್ರೇಜಿ ಚಾರ್ಲಿ, ಗಾಚಾ, ಒಂದೆರಡು ಸಣ್ಣ ಏಡಿ ಮಾದರಿ. 4, 6, 8 ನಂಬರ್ ಕೊಕ್ಕೆ. ಬಣ್ಣ ತಳದ ಮರಳಿಗೆ ಹತ್ತಿರ ಇರಲಿ. ಬಣ್ಣಕ್ಕಿಂತ ತೂಕ ಮುಖ್ಯ. ಪಾದ ಮುಳುಗುವಷ್ಟು ನೀರಿಗೆ ಕಣ್ಣಿನ ಮಣಿ ಇಲ್ಲದ ಫ್ಲೈ, ಮೊಣಕಾಲಿಗೆ ಮಣಿಸರದ ಕಣ್ಣಿನದು, ತೊಡೆಯಷ್ಟು ನೀರಿಗೆ ಲೋಹದ ಭಾರದ ಕಣ್ಣಿನದು. ಒಂದೇ ಫ್ಲೈಯನ್ನು ಮೂರು ತೂಕದಲ್ಲಿ ಇಟ್ಟುಕೊಂಡವನು ಮೂವತ್ತು ಬಗೆ ಇಟ್ಟುಕೊಂಡವನಿಗಿಂತ ಜಾಸ್ತಿ ಮೀನು ಹಿಡಿಯುತ್ತಾನೆ.

ಉಳಿದವು: ಪೋಲರೈಸ್ಡ್ ಕನ್ನಡಕ, ಗಾಜು ತಾಮ್ರದ ಬಣ್ಣದ್ದು. ಅಂಚಿನ ಕೆಳಭಾಗ ಕಪ್ಪಾಗಿರುವ ಟೋಪಿ. ಗಟ್ಟಿ ಅಡಿಯ ಬೂಟು. ಉದ್ದ ಮೂತಿಯ ಇಕ್ಕಳ. ಲೈನ್ ಉಜ್ಜುವ ಬೆರಳಿಗೆ ಸುತ್ತಲು ಟೇಪ್. ಕನ್ನಡಕ ಇಲ್ಲದೆ ಹೋಗುವುದಾದರೆ ಹೋಗಲೇಬೇಡಿ. ಮೀನು ನೋಡಲು ಅದು ಬೇಕು, ಕೊಕ್ಕೆಯಿಂದ ಕಣ್ಣು ಉಳಿಸಿಕೊಳ್ಳಲೂ ಬೇಕು.

## ಹಂತ 3: ನೀರಿಗೆ ಇಳಿಯುವ ಮೊದಲು ಮರಳಿನ ಮೇಲೆ ಎಸೆತ

ಸುವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಂಗಳೂರಿನವರಿಗೆ ಶಾಂಭವಿ, ನಂದಿನಿ ಸೇರುವ ಸಸಿಹಿತ್ಲು ಹತ್ತಿರ. ಮೊದಲ ಕೆಲವು ವಾರ ಕೊಕ್ಕೆಯೇ ಬೇಡ. ಲೀಡರ್ ತುದಿಗೆ ಉಣ್ಣೆಯ ಚೂರು ಕಟ್ಟಿ. ಅಡಿಕೆ ಹಾಳೆಯ ತಟ್ಟೆಗಳನ್ನು 30, 40, 50, 60 ಅಡಿಯಲ್ಲಿ ಮರಳಿನ ಮೇಲೆ ಇಟ್ಟು, ಹಾರದಂತೆ ಒಳಗೆ ಒಂದು ಹಿಡಿ ಮರಳು ಹಾಕಿ. ಇದೇ ನಿಮ್ಮ ಮೀನು.

1. ರೀಲ್‌ನಿಂದ 60 ಅಡಿ ಲೈನ್ ಎಳೆದು, ಒಮ್ಮೆ ಪೂರ್ತಿ ಎಸೆದು, ಮತ್ತೆ ಕೈಯಿಂದ ಎಳೆದು ಕಾಲ ಬಳಿ ಗುಡ್ಡೆ ಹಾಕಿ. ಇದನ್ನು ಬಿಟ್ಟರೆ ಮೊದಲು ಹೋಗಬೇಕಾದ ಲೈನ್ ಗುಡ್ಡೆಯ ಅಡಿಯಲ್ಲಿರುತ್ತದೆ, ಎಸೆದಾಗ ಸಿಕ್ಕಾಗಿ ಮೇಲೇಳುತ್ತದೆ.

2. ರಾಡ್ ತುದಿಯಿಂದ ಆಚೆ 10ರಿಂದ 15 ಅಡಿ ಲೈನ್ ಬಿಟ್ಟು, ಫ್ಲೈಯನ್ನು ಎಡಗೈ ಬೆರಳಲ್ಲಿ ಹಿಡಿದು ನಿಲ್ಲಿ. ಮೀನು ಬರುವವರೆಗೂ ನೀವು ನಿಲ್ಲುವ ಭಂಗಿ ಇದು.

3. ಗೆಳೆಯ 'ಐವತ್ತು' ಅಂದ ಕೂಡಲೇ ಎಸೆಯಿರಿ. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ, ಬಿಡಿ. ಗಾಳಿಯಲ್ಲಿ ಐದಾರು ಸಲ ಬೀಸುವ ಚಟ ಬಿಡಬೇಕು. ರಾಡ್‌ನ ಬೀಸು ಕಂಡರೂ ಸಾಕು, ಬೋನ್‌ಫಿಶ್ ಓಡುತ್ತದೆ.

4. ದೂರ ಸಾಲದಿದ್ದರೆ ತೋಳಿನ ಬಲ ಹಾಕಬೇಡಿ. ಹಿಂದೆ ಬೀಸುವಾಗ ಒಮ್ಮೆ, ಮುಂದೆ ಬೀಸುವಾಗ ಒಮ್ಮೆ ಎಡಗೈಯಿಂದ ಲೈನ್ ಚುರುಕಾಗಿ ಕೆಳಗೆ ಎಳೆಯಿರಿ. ಇದಕ್ಕೆ ಡಬಲ್ ಹಾಲ್ ಅನ್ನುತ್ತಾರೆ. ಮೊದಲು ರಾಡ್ ಹಿಡಿಯದೆ ಬರೀ ಎರಡು ಕೈಯ ಚಲನೆ ಕಲಿಯಿರಿ.

ಇನ್ನು ಗಾಳಿ. ಹೆಚ್ಚಿನವರು ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಿಗ್ಗೆ ನಮ್ಮಲ್ಲಿ ನೆಲದ ಕಡೆಯಿಂದ, ಅಂದರೆ ಮೂಡಣದಿಂದ, ತಣ್ಣಗೆ ಗಾಳಿ ಬೀಸುತ್ತದೆ. ಪಡುವಣಕ್ಕೆ ಮುಖ ಮಾಡಿ ನಿಂತರೆ ಗಾಳಿಯೂ ಬೆನ್ನಿಗೆ, ಬಿಸಿಲೂ ಬೆನ್ನಿಗೆ. ಮೊದಲ ಪಾಠಗಳಿಗೆ ಇದೇ ಹೊತ್ತು ಸರಿ. ಹಿಂದಿನ ಬೀಸು ತಗ್ಗಿನಲ್ಲಿ, ಮುಂದಿನದು ಎತ್ತರಕ್ಕೆ ಇರಲಿ.

ಮಧ್ಯಾಹ್ನ ಕಡಲಗಾಳಿ ಏಳುತ್ತದೆ. ಬೆಳಗಿನ ಎಸೆತ ಚೆನ್ನಾಗಿ ಬಂದವರು ಆಗ ಮನೆಗೆ ಹೋಗಿಬಿಡುತ್ತಾರೆ. ಹೋಗಬೇಡಿ, ಫ್ಲ್ಯಾಟ್‌ನಲ್ಲಿ ನಿಮಗೆ ಸಿಗುವ ಗಾಳಿ ಇಂಥದ್ದೇ. ಪಡುವಣಕ್ಕೇ ಮುಖ ಮಾಡಿ ಗಾಳಿಗೆ ಎದುರಾಗಿ ಎಸೆಯಿರಿ. ಈಗ ಲೆಕ್ಕ ಉಲ್ಟಾ: ಹಿಂದಿನ ಬೀಸು ಎತ್ತರಕ್ಕೆ, ಮುಂದಿನದು ನೀರಿಗೆ ಹತ್ತಿರ ತಗ್ಗಿನಲ್ಲಿ. ಬಲ ಹಾಕುವುದಕ್ಕಿಂತ ರಾಡ್ ಗಟ್ಟಿಯಾಗಿ ನಿಲ್ಲಿಸುವುದು ಮುಖ್ಯ.

ಆಮೇಲೆ ಬಡಗಣಕ್ಕೆ ತಿರುಗಿ. ಬಲಗೈಯವರಿಗೆ ಗಾಳಿ ಎಡಗಡೆಯಿಂದ ಬರುತ್ತದೆ, ಅಪಾಯವಿಲ್ಲ. ತೆಂಕಣಕ್ಕೆ ತಿರುಗಿದರೆ ಅದೇ ಗಾಳಿ ಬಲಗಡೆಯಿಂದ ಬಂದು ಲೈನನ್ನು ನಿಮ್ಮ ಮೈಮೇಲೇ ತಳ್ಳುತ್ತದೆ. ಕೊಕ್ಕೆ ಕಿವಿಗೆ, ಬೆನ್ನಿಗೆ ಚುಚ್ಚುವುದು ಹೀಗೆ. ಆಗ ಎರಡು ದಾರಿ. ರಾಡನ್ನು ತಲೆಯ ಮೇಲೆ ವಾಲಿಸಿ ಎಡ ಭುಜದ ಕಡೆಯಿಂದ ಬೀಸುವುದು ಒಂದು. ಮೀನಿಗೆ ಬೆನ್ನು ಮಾಡಿ ನಿಂತು, ಹಿಂದಿನ ಬೀಸಿನಲ್ಲೇ ಫ್ಲೈ ಬಿಡುವುದು ಇನ್ನೊಂದು. ಎರಡನೆಯದು ಕಲಿಯಲು ಬೇಸರ, ಆದರೆ ಗಾಳಿ ಜೋರಾದ ದಿನ ನಿಮ್ಮನ್ನು ಕಾಯುವುದು ಅದೇ.

ಎಚ್ಚರಿಕೆಯ ಗುರುತುಗಳು: ಹಿಂದೆ ಚಾಟಿಯಂತೆ 'ಚಟ್' ಸದ್ದು ಬಂದರೆ ನೀವು ಬೇಗ ಮುಂದೆ ಬೀಸುತ್ತಿದ್ದೀರಿ, ಫ್ಲೈ ಕಳಚಿ ಹೋಗುತ್ತದೆ. ಲೀಡರ್‌ನಲ್ಲಿ ತಾನಾಗಿ ಗಂಟು ಬೀಳುತ್ತಿದ್ದರೆ ಮುಂದಿನ ಬೀಸಿಗೆ ಒಮ್ಮೆಲೇ ಬಲ ಹಾಕುತ್ತಿದ್ದೀರಿ. ಆ ಗಂಟಿನ ಜಾಗದಲ್ಲಿ ದಾರದ ಶಕ್ತಿ ಬಹಳ ಇಳಿಯುತ್ತದೆ, ಕಂಡ ಕೂಡಲೇ ಟಿಪ್ಪೆಟ್ ಬದಲಿಸಿ. ತಲೆಯ ಮೇಲೆ ವಿದ್ಯುತ್ ತಂತಿ ಇರುವ ಕಡೆ ಎಸೆಯಲೇಬೇಡಿ. ಕಾರ್ಬನ್ ರಾಡ್‌ನಲ್ಲಿ ಕರೆಂಟ್ ಹರಿಯುತ್ತದೆ. ಗುಡುಗು ಕೇಳಿದರೆ ರಾಡ್ ಮಲಗಿಸಿ, ಬಯಲು ಬಿಟ್ಟು ಹೊರಡಿ.

## ಹಂತ 4: ನಮ್ಮ ಅಳಿವೆಯಲ್ಲಿ ನೀರಿಗೆ ಇಳಿಯುವಾಗ

ಅಳಿವೆ ಬಾಗಿಲಿನ ಹತ್ತಿರ ಬೇಡ. ಇಳಿತದ ಹೊತ್ತಿನಲ್ಲಿ ಅಲ್ಲಿ ಸೆಳೆತ ಜೋರು, ಮರಳಿನ ಅಂಚು ಕಾಲಡಿಯಲ್ಲೇ ಕುಸಿಯುತ್ತದೆ. ನದಿಯ ಒಳಭಾಗದ ಮರಳು ದಿಬ್ಬ ಸಾಕು. ಮೊಣಕಾಲು ದಾಟಬೇಡಿ, ಒಬ್ಬರೇ ಇಳಿಯಬೇಡಿ. ಯಾವ ದಿಬ್ಬ ಈ ವರ್ಷ ಎಲ್ಲಿದೆ ಎಂದು ಅಲ್ಲಿನ ದೋಣಿಯ ಅಣ್ಣಂದಿರನ್ನು ಕೇಳಿ. ಮಳೆಗಾಲ ಕಳೆದರೆ ದಿಬ್ಬಗಳೇ ಜಾಗ ಬದಲಿಸಿರುತ್ತವೆ. ಬಲೆ ಬಿಟ್ಟಿರುವ ಕಡೆ, ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಇರುವ ಕಡೆ ಎಸೆಯಬೇಡಿ. ಅದು ಅವರ ಹೊಟ್ಟೆಪಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನೀರಿಗೆ ಇಳಿಯುವ ಮಾತೇ ಇಲ್ಲ.

ತೊರಕೆ ಮೀನು (ಬಾಲದಲ್ಲಿ ವಿಷದ ಮುಳ್ಳಿರುವ ಸ್ಟಿಂಗ್‌ರೇ) ಮರಳಿನಲ್ಲಿ ಹೂತು ಮಲಗಿರುತ್ತದೆ, ನಮ್ಮಲ್ಲೂ ದ್ವೀಪದಲ್ಲೂ. ಕಾಲು ಎತ್ತಿ ಇಡದೆ ಮರಳನ್ನು ಉಜ್ಜುತ್ತಾ ನಡೆಯಿರಿ. ಕಾಲು ತಾಗುವ ಮೊದಲೇ ಅದು ಎದ್ದು ಹೋಗುತ್ತದೆ. ಮುಳ್ಳು ಚುಚ್ಚಿದರೆ ಸುಡದಷ್ಟು ಬಿಸಿ, ಅಂದರೆ 40ರಿಂದ 45 ಡಿಗ್ರಿ ನೀರಲ್ಲಿ ಪಾದ ಮುಳುಗಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ. ಹವಳದ ಕಡೆ ಚಂದ ಕಂಡಿತೆಂದು ಶಂಕುವಿನ ಆಕಾರದ ಚಿಪ್ಪು ಎತ್ತಬೇಡಿ. ಒಳಗಿನ ಹುಳ ವಿಷ ಚುಚ್ಚಿದರೆ ಜೀವಕ್ಕೇ ಅಪಾಯ.

## ಹಂತ 5: ಮೀನು ನೋಡಲು ಕಲಿಯುವುದು

ಹೊಸಬರು ನೀರಿನ ಮೇಲ್ಮೈ ನೋಡುತ್ತಾರೆ. ತಳ ನೋಡಬೇಕು. ಬೋನ್‌ಫಿಶ್‌ನ ಮೈ ಬೆಳ್ಳಿ ಕನ್ನಡಿ, ಸುತ್ತಲಿನ ಬಣ್ಣವನ್ನೇ ತೋರಿಸುತ್ತದೆ. ಹಾಗಾಗಿ ಮೊದಲು ಕಣ್ಣಿಗೆ ಬೀಳುವುದು ಮೀನಲ್ಲ, ಮರಳಿನ ಮೇಲೆ ಓಡುವ ಅದರ ನೆರಳು. ಕಪ್ಪು ಮಚ್ಚೆ ಕಂಡರೆ ಪಕ್ಕದ ಕಲ್ಲನ್ನೋ ಹುಲ್ಲನ್ನೋ ಗುರುತಿಟ್ಟು ನೋಡಿ. ಅಂತರ ಬದಲಾದರೆ ಮೀನು.

ಬೇರೆ ಸುಳಿವೂ ಇವೆ. ಗಾಳಿಯ ಅಲೆಗೆ ಅಡ್ಡವಾಗಿ ಒಂದು ಚಾಪೆಯಷ್ಟು ಜಾಗ ಮಾತ್ರ ನಡುಗಿದಂತಿದ್ದರೆ ಅಡಿಯಲ್ಲಿ ಹಿಂಡು ಇದೆ. ತಿಳಿನೀರಿನಲ್ಲಿ ಹಾಲಿನಂಥ ಕದಡು ಎದ್ದಿದ್ದರೆ ಅಲ್ಲಿ ಮೇಯುತ್ತಿವೆ. ತೆಳು ನೀರಲ್ಲಿ ಬಾಲದ ತುದಿ ಮೇಲೆ ಬಂದು ಮಿನುಗಿದರೆ ಅದು ತಲೆ ತಗ್ಗಿಸಿ ತಿನ್ನುತ್ತಿದೆ. ಮೇಲ್ಮೈ ಹತ್ತಿರ ತೇಲುತ್ತಾ ಹೋಗುವ ಗುಂಪು ಹೆಚ್ಚಾಗಿ ಬೇರೆ ಮೀನು, ಬೋನ್‌ಫಿಶ್ ತಳಕ್ಕೆ ಅಂಟಿಕೊಂಡು ಹೋಗುತ್ತದೆ.

ಅಭ್ಯಾಸಕ್ಕೆ ನಮ್ಮ ಅಳಿವೆಯಲ್ಲಿ ಡಿಸೆಂಬರ್, ಜನವರಿಯ ಏರುನೀರು ಬಳಸಿ. ಸಮುದ್ರದ ನೀರು ಒಳಗೆ ಬಂದಾಗ ಸ್ವಲ್ಪ ತಿಳಿಯಾಗುತ್ತದೆ. ಸೂರ್ಯನಿಗೆ ಬೆನ್ನು ಮಾಡಿ, ಬೆಳಿಗ್ಗೆ ಪಡುವಣಕ್ಕೂ ಮಧ್ಯಾಹ್ನದ ಮೇಲೆ ಮೂಡಣಕ್ಕೂ ನೋಡುತ್ತಾ ನಿಂತು ಏಡಿ, ಕಾಣೆ ಮೀನು, ಮರಿಮೀನುಗಳ ನೆರಳು ಹುಡುಕಿ. ರಾಡ್ ಇಲ್ಲದೆ ಹೋದರೂ ಆಗುತ್ತದೆ.

ದೋಣಿಯಲ್ಲಿ ಗೈಡ್ 'ಹನ್ನೊಂದು ಗಂಟೆ, ಐವತ್ತು ಅಡಿ' ಅನ್ನುತ್ತಾನೆ. ದೋಣಿಯ ಮೂತಿ 12 ಗಂಟೆ, ಬಲಗೈ 3, ಎಡಗೈ 9. ಆಗ ಹಿಂದೆ ತಿರುಗಿ ಅವನ ಮುಖ ನೋಡಿ 'ಎಲ್ಲಿ?' ಅನ್ನಬೇಡಿ. ನಿಮಗೆ ತಿಳಿದ ಕಡೆಗೆ ರಾಡ್ ತೋರಿಸಿ. ಅವನು ಇನ್ನೂ ಬಲಕ್ಕೆ, ಇನ್ನೂ ಬಲಕ್ಕೆ ಎಂದು ತಿದ್ದುತ್ತಾನೆ. ಕಣ್ಣು ನೀರು ಬಿಟ್ಟು ಕದಲಬಾರದು.

## ಹಂತ 6: ಫ್ಲೈ ಬೀಳಬೇಕಾದ ಜಾಗ

ನೀರು ಅಲುಗದಿದ್ದರೆ ಮೀನಿನ ಮುಂದೆ 6ರಿಂದ 8 ಅಡಿ. ಗಾಳಿಗೆ ಅಲೆ ಎದ್ದಿದ್ದರೆ 3ರಿಂದ 4 ಅಡಿ. ಬಾಲ ಎತ್ತಿ ಮೇಯುತ್ತಿದ್ದರೆ ಅದರ ಲಕ್ಷ್ಯ ಪೂರಾ ತಳದಲ್ಲಿ, 2 ಅಡಿಯವರೆಗೂ ಹೋಗಬಹುದು, ಹಗುರ ಫ್ಲೈ ಆದರೆ ಮಾತ್ರ.

ಲೈನ್ ಮೀನಿನ ಮೇಲೆ ಅಡ್ಡ ಬೀಳಬಾರದು. ಫ್ಲೈ ಮೀನಿನ ಕಡೆಗೆ ನುಗ್ಗಲೂ ಬಾರದು. ಸಿಗಡಿ ತನ್ನನ್ನು ತಿನ್ನುವ ಮೀನಿನ ಮೇಲೆ ಏರಿ ಹೋಗುವುದಿಲ್ಲ, ಅಲ್ವಾ? ಮೀನು ಹೋಗುವ ದಾರಿಯಲ್ಲಿ ಬಿದ್ದು, ಅದರಿಂದ ದೂರ ಸರಿಯುವಂತಿರಬೇಕು.

ದಿನದ ಮೊದಲ ಎಸೆತಕ್ಕೆ ಮುಂಚೆ ಫ್ಲೈಯನ್ನು ಕಾಲ ಬಳಿ ಹಾಕಿ, ತಳ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಎಣಿಸಿ. ಅಷ್ಟು ಎಣಿಸದೆ ಎಳೆಯಬೇಡಿ. ಹಿಂಡು ಬಂತು, ಸುಮ್ನೆ ನಡುವೆ ಎಸೆದರೆ ಯಾವುದಾದರೂ ಕಚ್ಚುತ್ತದೆ ಅನ್ನುವುದು ತಪ್ಪು. ಎಲ್ಲವೂ ಓಡುತ್ತವೆ. ಮುಂದಿನ ಒಂದನ್ನು ಆರಿಸಿ.

## ಹಂತ 7: ಎಳೆಯುವುದು, ನಾಟಿಸುವುದು

ಕಚ್ಚಿದ ಮೀನು ತಪ್ಪುವುದು ಇಲ್ಲಿ.

ಫ್ಲೈ ನೀರಿಗೆ ಬಿದ್ದ ಕೂಡಲೇ ರಾಡ್ ತುದಿ ನೀರು ಮುಟ್ಟುವಷ್ಟು ತಗ್ಗಲಿ, ಮೀನಿನ ಕಡೆಗೆ ನೆಟ್ಟಗೆ ಇರಲಿ. ಲೈನ್ ಬಲಗೈ ತೋರುಬೆರಳಿನ ಅಡಿಗೆ ಬರಲಿ. ಸಡಿಲ ಇದ್ದರೆ ಎಳೆದುಕೊಳ್ಳಿ. ತುದಿ ಒಂದಡಿ ಮೇಲಿದ್ದರೆ ಅಷ್ಟು ಲೈನ್ ಜೋತು ಬಿದ್ದಿರುತ್ತದೆ, ಮೀನು ಕಚ್ಚಿ ಉಗಿದರೂ ನಿಮಗೆ ಗೊತ್ತಾಗುವುದಿಲ್ಲ.

ಮೀನು ಹತ್ತಿರ ಬಂದಾಗ ಅರ್ಧ ಅಡಿಯಿಂದ ಒಂದಡಿ ನಿಧಾನವಾಗಿ ಎಳೆಯಿರಿ. ಅದು ವೇಗ ಹೆಚ್ಚಿಸಿ ಹಿಂದೆ ಬಂದರೆ ನೋಡಿದೆ ಎಂದರ್ಥ. ಮತ್ತೆ ಅಷ್ಟೇ ಎಳೆದು ನಿಲ್ಲಿಸಿ. ಅದು ನಿಂತು ತಲೆ ತಗ್ಗಿಸಿ ಬಾಲ ಎತ್ತಿತು ಅಂದರೆ ಫ್ಲೈ ಬಾಯಿಗೆ ಹೋಗುತ್ತಿದೆ.

ಈಗ ಎಡಗೈಯಿಂದ ಒಂದು ಉದ್ದನೆಯ, ಒಂದೇ ಸಮನಾದ ಎಳೆತ. ಭಾರ ಸಿಗುವವರೆಗೆ. ಬಲಗೈ ಕದಲಬಾರದು. ಅಷ್ಟೇ.

ನದಿಯಲ್ಲಿ, ಕೆರೆಯಲ್ಲಿ ಗಾಳ ಹಾಕಿದ ಎಲ್ಲರ ಕೈಯೂ ಇಲ್ಲಿ ರಾಡ್ ಎತ್ತುತ್ತದೆ. ಬಾಲ್ಯದಿಂದ ಬಂದ ಅಭ್ಯಾಸ ಅದು. ರಾಡ್ ಎತ್ತಿದರೆ ಮೆತ್ತನೆಯ ತುದಿ ಬಾಗಿ ಬಲ ತಿನ್ನುತ್ತದೆ, ಕೊಕ್ಕೆ ಗಟ್ಟಿ ಬಾಯಿಗೆ ನಾಟುವುದಿಲ್ಲ, ಫ್ಲೈ ನೀರಿಂದಲೇ ಮೇಲೆ ಹಾರುತ್ತದೆ. ಕೈಯಿಂದ ಎಳೆದಾಗ ಮೀನು ಇನ್ನೂ ಕಚ್ಚಿರದಿದ್ದರೂ ಫ್ಲೈ ಒಂದಡಿ ಮಾತ್ರ ಸರಿದು ಅದರ ಮುಂದೆಯೇ ಇರುತ್ತದೆ. ಬಿಟ್ಟು ಮುಳುಗಿಸಿ, ಮತ್ತೆ ಎಳೆಯಿರಿ. ಎರಡನೇ ಸಲ ಕಚ್ಚುವುದು ಸಾಮಾನ್ಯ.

ಇದನ್ನು ಓದಿ ಕಲಿಯಲು ಆಗುವುದಿಲ್ಲ, ಕೈಗೆ ಹತ್ತಬೇಕು. ಕೊಕ್ಕೆ ಕಟ್ಟದ ಲೀಡರ್‌ನ ತುದಿಯನ್ನು 30 ಅಡಿ ಆಚೆ ಗೆಳೆಯನ ಕೈಗೆ ಕೊಡಿ, ನೀವು ಬೆನ್ನು ಹಾಕಿ ನಿಂತು ಎಳೆಯುತ್ತಿರಿ. ಅವನು ಯಾವಾಗಲೋ ಒಮ್ಮೆ ಬಿಗಿ ಹಿಡಿಯಲಿ. ನಿಮ್ಮ ರಾಡ್ ತುದಿ ಮೇಲೆದ್ದರೆ ಅವನು ಕೂಗಿ ಹೇಳಲಿ. ಏಳದ ದಿನ 8 ನಂಬರ್‌ನ ಸಣ್ಣ ಚಾರ್ಲಿ ಕಟ್ಟಿ, ಮರಳು ದಿಬ್ಬದ ಅಂಚಿನಲ್ಲಿ ಕಾಣೆ ಮೀನಿಗೆ ಹಾಕಿ. ಕಾಣೆಯೂ ಮರಳಿನ ತಳದಲ್ಲಿ ಹುಳ, ಸಣ್ಣ ಸಿಗಡಿ ತಿಂದು ಬದುಕುವ ಮೀನು. ತಳ ಮುಟ್ಟಿಸಿ ಎಳೆಯುವುದು, ಕೈಯಿಂದ ನಾಟಿಸುವುದು ಎಲ್ಲಾ ಅದರ ಮೇಲೆ ಕಲಿಯಬಹುದು. ಸಿಕ್ಕ ಕಾಣೆ ರವಾ ಫ್ರೈಗೆ ಮನೆಗೂ ಬರುತ್ತದೆ.

## ಹಂತ 8: ಮೊದಲ ಓಟ

ನಾಟಿದ ಕೂಡಲೇ ಮೀನು ಆಳದ ಕಡೆ ಓಡುತ್ತದೆ, 100 ಮೀಟರ್ ಕೂಡ ಹೋಗಬಹುದು. ಮೀನು ನೋಡಬೇಡಿ, ಕಾಲ ಬಳಿಯ ಲೈನ್ ನೋಡಿ. ಎಡಗೈ ಬೆರಳುಗಳಲ್ಲಿ ಉಂಗುರ ಮಾಡಿ ಲೈನ್ ಅದರೊಳಗಿಂದ ಹಾದು ಹೋಗಲಿ. ಬೂಟಿನ ಲೇಸ್, ಅಂಗಿಯ ಗುಂಡಿ, ರೀಲ್‌ನ ಹಿಡಿ, ಇವಕ್ಕೆ ಲೈನ್ ಸುತ್ತಿದರೆ ಟಿಪ್ಪೆಟ್ ತುಂಡಾಗುತ್ತದೆ.

ಲೈನ್ ಪೂರ್ತಿ ರೀಲ್‌ಗೆ ಬಂದ ಮೇಲೆ ರಾಡ್ ಎತ್ತಿ. ಹವಳ ಇದ್ದರೆ ತಲೆಯ ಮೇಲಕ್ಕೆ. ಓಡುವಾಗ ರೀಲ್ ಮುಟ್ಟಬೇಡಿ, ನಿಂತಾಗ ಸುತ್ತಿ. ಡ್ರ್ಯಾಗ್ ಮನೆಯಲ್ಲೇ ಸ್ಪ್ರಿಂಗ್ ತಕ್ಕಡಿ ಕಟ್ಟಿ ಹೊಂದಿಸಿಕೊಂಡು ಬಂದಿರಬೇಕು: ಟಿಪ್ಪೆಟ್ ತಾಳುವ ಭಾರದ ಕಾಲು ಭಾಗ ದಾಟದಂತೆ. ಓಟದ ನಡುವೆ ಬಿಗಿ ಮಾಡಲು ಹೋಗಿ ಕಳೆದುಕೊಂಡವರು ಬಹಳ.

## ಹಂತ 9: ಮೀನನ್ನು ಬಿಡುವುದು

ನಮ್ಮ ಕರಾವಳಿಯವರಿಗೆ ಹಿಡಿದ ಮೀನು ಬಿಡುವುದು ವಿಚಿತ್ರ ಅನಿಸಬಹುದು. ಆದರೂ ಬಿಡಿ. ಈ ಮೀನು ಹಲವು ವರ್ಷ ಬದುಕುತ್ತದೆ, ಒಂದೇ ಫ್ಲ್ಯಾಟ್‌ಗೆ ಮತ್ತೆ ಮತ್ತೆ ಬರುತ್ತದೆ. ಫ್ಲೋರಿಡಾದಲ್ಲಿ 2013ರಿಂದ ಹಿಡಿದ ಬೋನ್‌ಫಿಶ್ ಬಿಡಲೇಬೇಕೆಂಬ ನಿಯಮ ಇದೆ.

ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿರಿ. ಕೈ ಒದ್ದೆ ಮಾಡಿ, ಮೀನನ್ನು ನೀರಲ್ಲೇ ಇಟ್ಟು ಕೊಕ್ಕೆ ತೆಗೆಯಿರಿ. ಸನ್‌ಸ್ಕ್ರೀನ್ ಹಚ್ಚಿದ ಅಂಗೈ ಅದರ ಮೈಗೆ ತಾಗಬಾರದು. ದಡದ ಮರಳಿಗೆ ಎಳೆಯಬೇಡಿ. ಫೋಟೋ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ ಒಂದು ಕ್ಷಣ ಎತ್ತಿ, ಮತ್ತೆ ನೀರಿಗೆ.

ಬಿಟ್ಟಾಗ ಮೀನು ಪಕ್ಕಕ್ಕೆ ವಾಲಿದರೆ ಅದು ದಣಿದಿದೆ. ನೆಟ್ಟಗೆ ಹಿಡಿದು, ತಾನಾಗಿ ಬಾಲ ಬಡಿಯುವವರೆಗೆ ಕಾಯಿರಿ. ಸುತ್ತ ಶಾರ್ಕ್ ಮರಿಗಳು ಸುಳಿಯುತ್ತಿದ್ದರೆ ಆ ಜಾಗದಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸಿ ಬೇರೆ ಕಡೆ ಹೋಗಿ. ದಣಿದ ಬೋನ್‌ಫಿಶ್ ಅವಕ್ಕೆ ತಕ್ಷಣ ಸಿಗುತ್ತದೆ.

## ಹಂತ 10: ಅದೇ ಸಂಜೆ ತೊಳೆಯಿರಿ

ರಾಡ್, ರೀಲ್, ಲೈನ್, ಇಕ್ಕಳ ಎಲ್ಲವನ್ನೂ ಸಿಹಿನೀರಲ್ಲಿ ತೊಳೆಯಿರಿ. ರೀಲ್ ಮೇಲೆ ಪೈಪ್‌ನಿಂದ ಜೋರಾಗಿ ನೀರು ಬಿಡಬೇಡಿ, ಉಪ್ಪು ಒಳಗೆ ಹೋಗುತ್ತದೆ. ನಿಧಾನ ಸುರಿದು, ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ. ಬಳಸಿದ ಫ್ಲೈಯನ್ನು ಒದ್ದೆ ಇರುವಾಗಲೇ ಡಬ್ಬಿಗೆ ಸೇರಿಸಬೇಡಿ. ಒಂದರ ತುಕ್ಕು ಬೆಳಗಾಗುವುದರೊಳಗೆ ಪಕ್ಕದವಕ್ಕೂ ಹತ್ತುತ್ತದೆ. ಲೈನ್ ಮೇಲೆ ಬೆರಳಾಡಿಸಿ ನೋಡಿ. ಹವಳ ಉಜ್ಜಿ ಒರಟಾದ ಜಾಗ ಸಿಕ್ಕರೆ ಮರುದಿನ ನೀರಿಗೆ ಇಳಿಯುವ ಮೊದಲು ಬದಲಿಸಿ.